ಹಾಡಿದವರ ಹೆಸರೇನು? ಧ್ವನಿಸುರುಳಿಯ ಒಂದು ಚರಿತ್ರೆ

ಮೂರು ವರ್ಷಗಳ ಹಿಂದೆ ಧಾರವಾಡದ ತವರುಮನೆಯ ಅಟ್ಟ ಸ್ವಚ್ಛ ಮಾಡುವಾಗ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಇಪ್ಪತ್ಮೂರು ಕ್ಯಾಸೆಟ್ಟುಗಳು. ಭೀಮಸೇನ ಜೋಶಿಯವರ ದಾಸವಾಣಿ, ಒಂದೆರಡು ಭಾವಗೀತೆಗಳವು, ಕೆಲವು ಸಿನಿಮಾ ಹಾಡಿನವು. ಉಳಿದವು ಮನೆಯಲ್ಲೇ ರೆಕಾರ್ಡ್ ಮಾಡಿದವು. ಅವುಗಳಲ್ಲಿ ಒಂದರ ಮೇಲೆ ಅಜ್ಜನ ಅಕ್ಷರದಲ್ಲಿ ‘ಮದುವೆ – ಉರುಟಣಿ – 1986’ ಎಂದಷ್ಟೇ ಇತ್ತು. ಅದು ನಮ್ಮ ಅತ್ಯಾನ, ಅಂದರೆ ಸೋದರತ್ತೆಯ ಮದುವೆ. ನಾನಿನ್ನೂ ಹುಟ್ಟಿರಲಿಲ್ಲ.

ಡಬ್ಬಿಯನ್ನು ಪುಣೆಗೆ ತಂದೆ. ಕೇಳೋಣವೆಂದರೆ ಯಂತ್ರವೇ ಇಲ್ಲ. ಒಂದು ಭಾನುವಾರ ಜುನಾ ಬಜಾರಿಗೆ ಹೋಗಿ ಹಳೆಯ ಟೂ-ಇನ್-ವನ್ ಕೊಂಡು ತಂದೆ. ಪುಣ್ಯಕ್ಕೆ, ಮೊದಲು ಹಾಕಿದ್ದು ಸಿನಿಮಾ ಹಾಡಿನ ಕ್ಯಾಸೆಟ್ಟು. ಅರ್ಧ ನಿಮಿಷದೊಳಗೆ ಯಂತ್ರ ಟೇಪನ್ನು ಒಳಕ್ಕೆಳೆದುಕೊಂಡು ಶ್ಯಾವಿಗೆಯಂತೆ ಮುದ್ದೆ ಮಾಡಿತು. ಮದುವೆಯ ಕ್ಯಾಸೆಟ್ಟನ್ನು ಹಾಕಿದ್ದರೆ ಏನಾಗುತ್ತಿತ್ತು ಎಂದು ನೆನೆದು ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹಳೆಯ ಟೇಪು ಮತ್ತು ಯಂತ್ರಗಳನ್ನು ಕೂಡಿಸಿ ರಿಪೇರಿ ಮಾಡುವ ನನ್ನ ಹವ್ಯಾಸ ಶುರುವಾದದ್ದು ಹೀಗೆ. ರಿಪೇರಿ ಕಲಿಯಲು ಹೋದವಳು ಅದರ ಚರಿತ್ರೆಯನ್ನೂ ಓದತೊಡಗಿದೆ. ಆ ಚರಿತ್ರೆಯಲ್ಲಿ ನಮ್ಮ ಮನೆಯ ಹೆಂಗಸರ ದನಿಗೂ ಒಂದು ಜಾಗವಿದೆ ಎಂದು ಆಗ ತಿಳಿಯಿತು.

ಕೇಳುವ ಯಂತ್ರ, ಹಿಡಿದಿಡುವ ಯಂತ್ರ

ನಮ್ಮ ದೇಶದಲ್ಲಿ ಧ್ವನಿಮುದ್ರಣದ ಮೊದಲ ದೊಡ್ಡ ಹೆಸರು ಒಬ್ಬ ಹೆಣ್ಣುಮಗಳದ್ದು. 1902ರಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದಾಗ ಗೌಹರ್ ಜಾನ್ ಹಾಡಿದರು. ಪ್ರತಿ ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ಗೊತ್ತಾಗಲಿ ಎಂದು ಈ ಏರ್ಪಾಡು. ಗೌಹರ್ ಜಾನ್ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹೆಸರು ಹೇಳಿದ್ದರಿಂದ, ನೂರಿಪ್ಪತ್ತು ವರ್ಷಗಳ ಮೇಲೂ ಆ ದನಿ ಯಾರದೆಂದು ಯಾರೂ ಕೇಳಬೇಕಾಗಿಲ್ಲ.

ಆದರೆ ಗ್ರಾಮೋಫೋನ್ ಮನೆಗೆ ಬಂದಾಗ ಅದು ಕೇಳುವ ಯಂತ್ರವಷ್ಟೇ ಆಗಿತ್ತು. ದನಿ ಮುದ್ರಿಸಲು ಕಂಪನಿಯವರೇ ಬರಬೇಕು, ಅವರಿಗೆ ಮಾರಾಟವಾಗುವ ಹಾಡು ಬೇಕು, ಆ ಹಾಡು ಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿಯಬೇಕು. ಬೀಸುವ ಕಲ್ಲಿನ ಮುಂದೆ ಕೂತು ಹಾಡುವವರನ್ನು ಯಾವ ಕಂಪನಿ ಹುಡುಕಿಕೊಂಡು ಬಂದೀತು?

ಇನ್ನೊಂದು ದಾರಿ ಅಷ್ಟರಲ್ಲೇ ತೆರೆದಿತ್ತು. 1898ರಲ್ಲಿ ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ ಉಕ್ಕಿನ ತಂತಿಯ ಮೇಲೆ ಕಾಂತಶಕ್ತಿಯಿಂದ ದನಿಯನ್ನು ಹಿಡಿದಿಟ್ಟ. 1928ರಲ್ಲಿ ಜರ್ಮನಿಯ ಫ್ರಿಟ್ಜ್ ಫ್ಲಾಯ್ಮರ್ ಕಾಗದದ ಪಟ್ಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಮೆತ್ತಿ ತಂತಿಯ ಬದಲು ಅದನ್ನು ಬಳಸಿದ. ಸರಳವಾಗಿ ಹೇಳುವುದಾದರೆ ನಮ್ಮ ಕ್ಯಾಸೆಟ್ಟಿನ ಕಂದು ಬಣ್ಣ ತುಕ್ಕಿನ ಬಣ್ಣ. ಎಇಜಿ ಕಂಪನಿ ಯಂತ್ರ ಮಾಡಿತು, ಬಿಎಎಸ್‌ಎಫ್ ಟೇಪು ಮಾಡಿತು. 1935ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ‘ಮ್ಯಾಗ್ನೆಟೋಫೋನ್’ ಜನರೆದುರು ಬಂತು. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯದಲ್ಲಿದ್ದ ಜ್ಯಾಕ್ ಮಲಿನ್ ಅಂಥ ಎರಡು ಯಂತ್ರಗಳನ್ನೂ ಐವತ್ತು ಸುರುಳಿಗಳನ್ನೂ ತನ್ನ ದೇಶಕ್ಕೆ ಸಾಗಿಸಿದ. ಗಾಯಕ ಬಿಂಗ್ ಕ್ರಾಸ್ಬಿ 1947ರಿಂದ ತನ್ನ ರೇಡಿಯೋ ಕಾರ್ಯಕ್ರಮವನ್ನು ಟೇಪಿನಲ್ಲಿ ಮುದ್ರಿಸಿ ಪ್ರಸಾರ ಮಾಡಿಸಿದ ಮೇಲೆ ಅಲ್ಲಿನ ರೇಡಿಯೋ ಲೋಕವೆಲ್ಲ ಟೇಪಿನ ಹಿಂದೆ ಬಿತ್ತು.

ಆಗಲೂ ಅದು ಸ್ಟುಡಿಯೋಗಳಿಗೂ ಸಿರಿವಂತರಿಗೂ ಮಾತ್ರ ಎಟುಕುವ ಯಂತ್ರವಾಗಿತ್ತು. ಅದನ್ನು ಸಾಮಾನ್ಯರ ಕೈಗೆ ಕೊಟ್ಟವರು ಫಿಲಿಪ್ಸ್ ಕಂಪನಿಯ ಲೂ ಆಟೆನ್ಸ್ ಮತ್ತು ಅವರ ತಂಡ. ಕೋಟಿನ ಜೇಬಿನಲ್ಲಿ ಹಿಡಿಸುವಷ್ಟು ದೊಡ್ಡ ಮರದ ತುಂಡೊಂದನ್ನು ಮುಂದಿಟ್ಟುಕೊಂಡು, ಯಂತ್ರ ಇದಕ್ಕಿಂತ ದೊಡ್ಡದಾಗಬಾರದು ಎಂದು ಅವರು ಹಟ ಹಿಡಿದರಂತೆ. 1963ರಲ್ಲಿ ಕ್ಯಾಸೆಟ್ಟು ಬಂತು. ಟೇಪಿನ ಅಗಲ 3.81 ಮಿಲಿಮೀಟರ್, ಓಟ ಸೆಕೆಂಡಿಗೆ 4.76 ಸೆಂಟಿಮೀಟರ್. ಅರವತ್ತು ನಿಮಿಷದ ಕ್ಯಾಸೆಟ್ಟಿನೊಳಗೆ ಸುಮಾರು 86 ಮೀಟರ್ ಟೇಪು ಸುತ್ತಿಕೊಂಡಿರುತ್ತದೆ.

ಕನ್ನಡದ ಮನೆಗೆ ಬಂದ ಸುರುಳಿ

ಭಾರತದಲ್ಲಿ ಕ್ಯಾಸೆಟ್ಟಿನ ದೊಡ್ಡ ಕಾಲ 1980ರ ದಶಕ. ಅಲ್ಲಿಯವರೆಗೆ ಹಾಡಿನ ಮಾರುಕಟ್ಟೆ ಹೆಚ್ಚುಕಡಿಮೆ ಎಚ್‌ಎಂವಿಯ ಕೈಯಲ್ಲಿತ್ತು. ಕ್ಯಾಸೆಟ್ಟು ಅಗ್ಗವಾದ್ದರಿಂದ ಊರೂರಲ್ಲೂ ಚಿಕ್ಕ ಕಂಪನಿಗಳು ಹುಟ್ಟಿಕೊಂಡವು, ಪ್ರಾದೇಶಿಕ ಭಾಷೆಗಳ ಭಕ್ತಿಗೀತೆ, ಜನಪದ ಗೀತೆ, ನಾಟಕ ಎಲ್ಲ ಅಂಗಡಿಗೆ ಬಂದವು. ಪೀಟರ್ ಮ್ಯಾನ್ಯುಯೆಲ್ ಎಂಬ ಸಂಗೀತ ವಿದ್ವಾಂಸ ಉತ್ತರ ಭಾರತದ ಈ ಬದಲಾವಣೆಯ ಕುರಿತು 1993ರಲ್ಲಿ ‘ಕ್ಯಾಸೆಟ್ ಕಲ್ಚರ್’ ಎಂಬ ಪುಸ್ತಕವನ್ನೇ ಬರೆದರು.

ನಮ್ಮಲ್ಲಿ ಅದಕ್ಕೂ ಸ್ವಲ್ಪ ಮೊದಲೇ, 1978ರಲ್ಲಿ, ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಎಂದು ಅದು ಹೆಸರಾಗಿದೆ. ಕನ್ನಡಕ್ಕೆ ‘ಧ್ವನಿಸುರುಳಿ’ ಎಂಬ ಚೆಂದದ ಪದ ಸಿಕ್ಕಿತು. ಪುಸ್ತಕ ಬಿಡುಗಡೆಯಂತೆ ‘ಧ್ವನಿಸುರುಳಿ ಬಿಡುಗಡೆ’ಯೂ ಒಂದು ಸಮಾರಂಭವಾಯಿತು. ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗೆ ಬಂದ ನಮ್ಮ ಹಿರಿಯರ ಪೆಟ್ಟಿಗೆಗಳಲ್ಲಿ ಉಪ್ಪಿನಕಾಯಿಯ ಭರಣಿಯ ಪಕ್ಕ ಇಂಥ ಒಂದೆರಡು ಸುರುಳಿಗಳೂ ಇರುತ್ತಿದ್ದವು.

ಇವೆಲ್ಲ ಅಂಗಡಿಯಲ್ಲಿ ಕೊಂಡವು. ಟೇಪ್ ರೆಕಾರ್ಡರಿನಲ್ಲಿ ಕೆಂಪು ಗುರುತಿನ ಒಂದು ಗುಂಡಿಯೂ ಇತ್ತು. ಅದನ್ನೂ ಪ್ಲೇ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಯಾರ ದನಿಯಾದರೂ ಸರಿ, ಯಂತ್ರ ಹಿಡಿದಿಡುತ್ತಿತ್ತು. ಸಂಗೀತ ಕಲಿತಿರಬೇಕೆಂದಿಲ್ಲ, ಕಂಪನಿ ಒಪ್ಪಬೇಕೆಂದಿಲ್ಲ. ಮಗುವಿನ ತೊದಲು, ಅಜ್ಜಿಯ ಆರತಿ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ದೂರದ ಮಗನಿಗೆ ಕಾಗದದ ಬದಲು ಕಳಿಸಿದ ಮಾತು – ಇವು ದಾಖಲಾದದ್ದು ಹೀಗೆ. ಅಡುಗೆಮನೆ, ಹಿತ್ತಲು, ಮದುವೆಮನೆಯ ಒಳಕೋಣೆಯ ದನಿಗಳು ಇಷ್ಟು ದೊಡ್ಡ ಪ್ರಮಾಣದಲ್ಲಿ ಉಳಿಯಲು ಸಾಧ್ಯವಾದದ್ದು ಆಗಲೇ.

ಅಳಿಸುವುದೂ ಅಷ್ಟೇ ಸುಲಭ

ಟೇಪಿನ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಮಾಡಬಹುದು. ಅದರ ಗುಣವೂ ಅದೇ, ಅಪಾಯವೂ ಅದೇ. ಬ್ಲ್ಯಾಂಕ್ ಕ್ಯಾಸೆಟ್ಟಿಗೆ ದುಡ್ಡು ಕೊಡಬೇಕಾಗಿದ್ದ ಕಾಲದಲ್ಲಿ ಅತ್ತಿಗೆಯ ಸೀಮಂತದ ಹಾಡಿನ ಮೇಲೆ ರೇಡಿಯೋದ ಕ್ರಿಕೆಟ್ ಕಾಮೆಂಟರಿ ಬಂದು ಕೂರುತ್ತಿತ್ತು. ನಮ್ಮ ಡಬ್ಬಿಯಲ್ಲೂ ಅಂಥದ್ದೊಂದಿದೆ. ಹಾಡು ನಡುವೆ ಟಕ್ಕೆಂದು ನಿಂತು ಸ್ಕೋರು ಶುರುವಾಗುತ್ತದೆ.

ಈ ತಪ್ಪನ್ನು ಮಾಡಿದ್ದು ನಮ್ಮ ಮನೆಯವರಷ್ಟೇ ಅಲ್ಲ. ಚಂದ್ರನ ಮೇಲೆ ಮೊದಲು ನಡೆದಾಡಿದ ಅಪೊಲೊ 11ರ ಚಿತ್ರಗಳ ಮೂಲ ಡೇಟಾ ಟೇಪುಗಳನ್ನು ಬಹುಶಃ ಅಳಿಸಿ ಬೇರೆ ಕೆಲಸಕ್ಕೆ ಬಳಸಲಾಗಿದೆ ಎಂದು ನಾಸಾ 2009ರಲ್ಲಿ ಒಪ್ಪಿಕೊಂಡಿತು. ಬಿಬಿಸಿ ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ 1960ರ ದಶಕದ ಅನೇಕ ಕಂತುಗಳನ್ನು ಕಳೆದುಕೊಂಡಿದೆ. ಆದರೆ ಚಿತ್ರ ಹೋದ ಆ ಕಂತುಗಳ ದನಿ ಮಾತ್ರ ಉಳಿದಿದೆ. ಅಂದಿನ ಅಭಿಮಾನಿಗಳು ಮನೆಯಲ್ಲಿ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಅದನ್ನು ಮುದ್ರಿಸಿಕೊಂಡಿದ್ದರು. ದೊಡ್ಡ ಸಂಸ್ಥೆ ಕಳೆದದ್ದನ್ನು ಮನೆಗಳು ಕಾಪಾಡಿದವು.

ನಿಮ್ಮ ಮನೆಯಲ್ಲಿ ಹಳೆಯ ಕ್ಯಾಸೆಟ್ಟು ಸಿಕ್ಕರೆ ಮೊದಲು ಅದರ ಹಿಂಬದಿಯ ಅಂಚು ನೋಡಿ. ಎರಡು ಮೂಲೆಗಳಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅದು ಕೂರುವುದಿಲ್ಲ. ಅರ್ಧ ನಿಮಿಷದ ಕೆಲಸ.

ಯಂತ್ರವೂ ಬೇಕು

ಟೇಪು ಇದ್ದು ಯಂತ್ರ ಇಲ್ಲದಿದ್ದರೆ? ಅಪೊಲೊ ಯಾನದ ಕಥೆಯಲ್ಲೇ ಇದಕ್ಕೂ ಉದಾಹರಣೆ ಇದೆ. ನಿಯಂತ್ರಣ ಕೊಠಡಿಯ ಸಿಬ್ಬಂದಿಯ ಮಾತುಕತೆ ಮೂವತ್ತು ಟ್ರ್ಯಾಕುಗಳ ಟೇಪುಗಳಲ್ಲಿತ್ತು. ಅದನ್ನು ಓದಬಲ್ಲ ‘ಸೌಂಡ್‌ಸ್ಕ್ರೈಬರ್’ ಎಂಬ 1960ರ ದಶಕದ ಯಂತ್ರ ಒಮ್ಮೆಗೆ ಒಂದೇ ಟ್ರ್ಯಾಕ್ ಓದುತ್ತಿತ್ತು. ಆ ಲೆಕ್ಕದಲ್ಲಿ ಕೆಲಸ ಮುಗಿಯಲು ನೂರು ವರ್ಷವೂ ಸಾಲದು. ಟೆಕ್ಸಸ್ ವಿಶ್ವವಿದ್ಯಾಲಯದ ಡಲ್ಲಾಸ್ ಶಾಖೆಯ ಜಾನ್ ಹ್ಯಾನ್ಸನ್ ಮತ್ತು ತಂಡ ಮೂವತ್ತೂ ಟ್ರ್ಯಾಕುಗಳನ್ನು ಒಟ್ಟಿಗೆ ಓದುವ ಹೊಸ ವ್ಯವಸ್ಥೆಯನ್ನು ಮಾಡಿಸಿ, ಸುಮಾರು 19,000 ಗಂಟೆಗಳ ದನಿಯನ್ನು ಕಂಪ್ಯೂಟರಿಗೆ ಇಳಿಸಿತು. ಯುನೆಸ್ಕೋ 2019ರಲ್ಲಿ ‘ಮ್ಯಾಗ್ನೆಟಿಕ್ ಟೇಪ್ ಅಲರ್ಟ್’ ಎಂಬ ಯೋಜನೆಯಡಿ ಜಗತ್ತನ್ನು ಎಚ್ಚರಿಸಿದ್ದೂ ಇದನ್ನೇ. ಯಂತ್ರಗಳು, ಬಿಡಿಭಾಗಗಳು, ರಿಪೇರಿ ಬಲ್ಲವರು – ಮೂರೂ ಕಡಿಮೆಯಾಗುತ್ತಿವೆ. 2025ರ ಹೊತ್ತಿಗೆ ಬಹಳಷ್ಟು ಟೇಪುಗಳನ್ನು ಕೇಳುವುದೇ ಕಷ್ಟವಾಗಬಹುದು ಎಂಬ ಭಯ ಅವರದಾಗಿತ್ತು.

ನನ್ನ ಜುನಾ ಬಜಾರಿನ ಯಂತ್ರದ ರೋಗವೂ ದೊಡ್ಡದೇನಲ್ಲ. ಬಿಚ್ಚಿ ನೋಡಿದರೆ ರಬ್ಬರ್ ಬೆಲ್ಟು ಸಡಿಲಾಗಿ ಅಂಟಂಟಾಗಿತ್ತು, ಟೇಪನ್ನು ಒತ್ತಿ ಓಡಿಸುವ ರಬ್ಬರ್ ಉರುಳೆ ಕಲ್ಲಾಗಿತ್ತು. ಬುಧವಾರ ಪೇಠೆಯ ತಪಕೀರ ಗಲ್ಲಿಯಲ್ಲಿ ಮೂರು ಅಂಗಡಿ ಸುತ್ತಿದ ಮೇಲೆ ಎರಡೂ ಸಿಕ್ಕವು. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಾಗ ಬಂದ ಕಂದು ಕೊಳೆ, ಯಾವುದೋ ಮನೆಯ ಹಾಡುಗಳ ಪುಡಿ.

ಕ್ಯಾಸೆಟ್ಟಿಗೂ ಶುಶ್ರೂಷೆ ಬೇಕು. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಮುಟ್ಟಬಾರದು. ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಪುಟ್ಟ ಮೆತ್ತೆ ಅಂಟು ಒಣಗಿ ಉದುರಿರುತ್ತದೆ. ಅದನ್ನು ಬೇರೆ ಕ್ಯಾಸೆಟ್ಟಿನಿಂದ ತೆಗೆದು ಹಾಕಬಹುದು. ಕವಚ ಒಡೆದಿದ್ದರೆ, ಸ್ಕ್ರೂ ಇರುವ ಇನ್ನೊಂದು ಕವಚಕ್ಕೆ ಸುರುಳಿಯನ್ನು ವರ್ಗಾಯಿಸಬೇಕು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಸ್ವಲ್ಪ ವಾಲಿದ್ದರೆ ನಮ್ಮ ಯಂತ್ರದಲ್ಲಿ ದನಿ ಮಂಕಾಗಿ ಕೇಳುತ್ತದೆ. ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮುಸುಕು ತೆಗೆದಂತೆ ಸ್ಪಷ್ಟವಾಗುತ್ತದೆ. ಕಂಪ್ಯೂಟರಿಗೆ ಇಳಿಸುವಾಗ ಎಂಪಿ3 ಬೇಡ, 24 ಬಿಟ್‌ನ ವೇವ್ ಕಡತವಾಗಿ ಇಡಿ.

ಸಾಫ್ಟ್‌ವೇರಿನವಳ ಚಪಲಕ್ಕೆ ನಾನೊಂದು ತಪ್ಪು ಮಾಡಿದೆ. ಗೊರಗೊರ ಸದ್ದು ತೆಗೆಯಲು ಹೋಗಿ ಬಳೆಗಳ ಸದ್ದನ್ನೂ ಹಿನ್ನೆಲೆಯ ಪಾತ್ರೆಗಳ ಸದ್ದನ್ನೂ ಒರೆಸಿಬಿಟ್ಟೆ. ಮದುವೆಮನೆ ಸ್ಟುಡಿಯೋ ಆಯಿತು. ಮೂಲ ಕಡತವನ್ನು ಬೇರೆಯಾಗಿ ಇಟ್ಟಿದ್ದೆನಾದ್ದರಿಂದ ಬಚಾವಾದೆ.

ಹೆಸರಿಲ್ಲದ ದನಿಗಳು

ಕೊನೆಗೂ 1986ರ ಉರುಟಣಿ ಕೇಳಿದೆ. ಐದಾರು ಹೆಂಗಸರು ಸರದಿಯಲ್ಲಿ ಹಾಡುತ್ತಾರೆ, ನಗುತ್ತಾರೆ. ‘ಗಂಡನ ಹೆಸರು ಹೇಳು’ ಎಂದು ಪೀಡಿಸಿದಾಗ ಒಬ್ಬೊಬ್ಬರೂ ನಾಚುತ್ತ ಒಡಪು ಕಟ್ಟಿ ಹೆಸರು ಹೇಳುತ್ತಾರೆ. ಎರಡನೆಯ ಸಲ ಕೇಳುವಾಗ ಹೊಳೆಯಿತು: ಆ ಟೇಪಿನಲ್ಲಿ ಎಲ್ಲರ ಗಂಡಂದಿರ ಹೆಸರಿದೆ, ಹಾಡಿದವರ ಒಬ್ಬರ ಹೆಸರೂ ಇಲ್ಲ.

ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಮುದ್ರಿಸಿದ ಹಾಡುಗಳನ್ನು ಹಿಡಿದುಕೊಂಡು, 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ದಂಪತಿ ತಮಿಳುನಾಡು, ಕೇರಳ, ಕರ್ನಾಟಕದ ಅದೇ ಊರುಗಳ ಜಾಡು ಹಿಡಿದು ಮತ್ತೆ ಹೋಗಿದ್ದರು. ಅದನ್ನು ಓದಿದ ಮೇಲೆ ನಾನೂ ಲ್ಯಾಪ್‌ಟಾಪ್ ಹಿಡಿದು ಧಾರವಾಡಕ್ಕೆ ಹೋದೆ. ಎಪ್ಪತ್ತು ದಾಟಿದ ಅತ್ಯಾನನ್ನು ಕೂಡಿಸಿ ಕೇಳಿಸಿದೆ. ಮೊದಲ ಹಾಡಿಗೇ ಕಣ್ಣೊರೆಸಿಕೊಂಡರು. ನಮ್ಮಜ್ಜಿಯದೆಂದು ನಾನು ತಿಳಿದಿದ್ದ ದನಿಗೆ, “ಅಯ್ಯ, ಇದು ನಮ್ಮವ್ವನ ದನಿ ಅಲ್ಲವಾ. ಹಿಂದಿನ ಮನಿ ಮಾವಶೀದು. ಅವ್ವ ಹಾಡ್ತಿರಲೇ ಇಲ್ಲ, ನಗೋದಷ್ಟ ಅಕಿ ಕೆಲಸ. ಅಲ್ಲಿ ನಗಾಕ ಹತ್ಯಾಳ ನೋಡು” ಎಂದರು.

ನಾನು ಕಾಣದ ನನ್ನಜ್ಜಿ ಆ ನಗೆಯಲ್ಲಿದ್ದಳು. ಅತ್ಯಾ ಹೇಳದಿದ್ದರೆ ಎಷ್ಟು ಸಾವಿರ ಸಲ ಕೇಳಿದರೂ ನನಗೆ ಅದು ಗೊತ್ತಾಗುತ್ತಿರಲಿಲ್ಲ. ಆ ಮಧ್ಯಾಹ್ನ ನಾಲ್ಕು ಹೆಸರು ಸಿಕ್ಕವು. ಇಬ್ಬರು ಯಾರೆಂದು ಅತ್ಯಾನಿಗೂ ನೆನಪಾಗಲಿಲ್ಲ. “ಐದು ವರ್ಷದ ಹಿಂದ ಕೇಳಿದ್ರ ಹೇಳ್ತಿದ್ದೆ” ಎಂದರು.

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟಿನ ಪ್ರತಿ ಇನ್ನೆಲ್ಲಾದರೂ ಸಿಕ್ಕೀತು. ಮನೆಯಲ್ಲಿ ಮುದ್ರಿಸಿದ್ದಕ್ಕೆ ಇರುವುದು ಒಂದೇ ಪ್ರತಿ. ಆದ್ದರಿಂದ ಮೊದಲು ಅದನ್ನು ಉಳಿಸಿ. ಟೇಪು ಇನ್ನೂ ಹತ್ತು ವರ್ಷ ತಾಳಬಹುದು, ಯಂತ್ರವನ್ನು ಹೇಗಾದರೂ ರಿಪೇರಿ ಮಾಡಿಕೊಳ್ಳಬಹುದು. ದನಿ ಗುರುತಿಸುವವರು ಕಾಯುವುದಿಲ್ಲ. ಈ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಕ್ಯಾಸೆಟ್ಟು ಸಿಕ್ಕರೆ ಹಿರಿಯರ ಜೊತೆ ಕೂತು ಕೇಳಿ, ಹೆಸರುಗಳನ್ನು ಬರೆದಿಡಿ. ಯಂತ್ರ ಇಲ್ಲದವರು ನನ್ನ ಮನೆಗೆ ಬನ್ನಿ, ಈಗ ನನ್ನಲ್ಲಿ ಸರಿಯಾಗಿ ಓಡುವ ಮೂರು ಯಂತ್ರಗಳಿವೆ.