ನಡುರಾತ್ರಿಯ ಟಪಾಲು, ಮುಂಬೈಯ ಸರ್ವರ್

1949ರಲ್ಲಿ ರಾತ್ರಿ ವಿಮಾನ ಟಪಾಲು ಶುರುವಾದಾಗ ಅದರ ಕೂಡುತಾಣವಾಗಿ ಆಯ್ಕೆಯಾದ ಊರು ನಾಗಪುರ. ದೆಹಲಿ, ಮುಂಬೈ, ಕಲ್ಕತ್ತಾ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ಸೋನೆಗಾಂವ್ ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಅಲ್ಲಿ ಟಪಾಲು ಚೀಲಗಳು ಅದಲುಬದಲಾಗುತ್ತಿದ್ದವು. ಮದರಾಸಿನ ಚೀಲ ದೆಹಲಿ ವಿಮಾನಕ್ಕೆ, ಮುಂಬೈಯದು ಕಲ್ಕತ್ತಾ ವಿಮಾನಕ್ಕೆ. ಆಮೇಲೆ ಪ್ರತಿ ವಿಮಾನವೂ ತಾನು ಬಂದ ಊರಿಗೇ ಮರಳುತ್ತಿತ್ತು. ದೇಶದ ನಡುಮಧ್ಯದಲ್ಲಿರುವುದೇ ನಾಗಪುರದ ಅರ್ಹತೆ. ಎಪ್ಪತ್ತರ ದಶಕದ ಆರಂಭದವರೆಗೂ ಈ ವ್ಯವಸ್ಥೆ ನಡೆಯಿತು.

ಅದೇ ಊರಿನ ಮಿಹಾನ್ ಪ್ರದೇಶದಲ್ಲಿ ಈಗ ಟಿಸಿಎಸ್, ಇನ್ಫೋಸಿಸ್, ಎಚ್‌ಸಿಎಲ್ ಕಚೇರಿಗಳಿವೆ. ಕೋಡ್ ಬರೆಯುವುದು ನಾಗಪುರದಲ್ಲಿ. ಅದು ಓಡುವ ಕ್ಲೌಡ್ ಸರ್ವರ್ ಸಾಮಾನ್ಯವಾಗಿ ಇನ್ನೆಲ್ಲೋ. ಭೂಪಟದ ನಡುವಿಗೆ ವಿಮಾನಯುಗದಲ್ಲಿದ್ದ ಬೆಲೆ ಇಂಟರ್ನೆಟ್ ಯುಗದಲ್ಲಿ ಉಳಿಯಲಿಲ್ಲ. ಏಕೆಂದರೆ ಹೊರದೇಶಗಳಿಂದ ಬರುವ ಸಮುದ್ರದಡಿಯ ಕೇಬಲ್‌ಗಳು ಬಹುಪಾಲು ದಡ ಸೇರುವುದು ಮುಂಬೈ ಮತ್ತು ಚೆನ್ನೈಯಲ್ಲಿ.

2006ರಲ್ಲಿ ಅಮೆಜಾನ್ ಎಸ್3 ಮತ್ತು ಇಸಿ2 ಎಂಬ ಕ್ಲೌಡ್ ಸೇವೆಗಳನ್ನು ತೆರೆದಾಗ ಬಾಡಿಗೆ ಸರ್ವರ್ ಸಿಗುತ್ತಿದ್ದುದು ಅಮೆರಿಕದಲ್ಲಿ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೂ ನಾಗಪುರದಿಂದ ಅಮೆರಿಕಕ್ಕೆ ಒಂದು ಸಂದೇಶ ಹೋಗಿ ಉತ್ತರ ಬರಲು 200 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಒಂದು ಪುಟ ತೆರೆಯಲು ಇಂಥ ಹತ್ತು ಓಡಾಟ ಬೇಕಾದರೆ ಎರಡು ಸೆಕೆಂಡು ಅಲ್ಲೇ ಕಳೆದವು. 2010ರಲ್ಲಿ ಅಮೆಜಾನ್ ಸಿಂಗಪುರಕ್ಕೆ ಬಂದಾಗ ಈ ಕಾಯುವಿಕೆ ಎಷ್ಟೋ ತಗ್ಗಿತು.

ಅಮೆಜಾನ್, ಗೂಗಲ್‌ಗಳಿಗಿಂತ ಮೊದಲು ಭಾರತದ ನೆಲಕ್ಕೆ ಬಂದದ್ದು ಮೈಕ್ರೋಸಾಫ್ಟ್. 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ ಅದರ ಸರ್ವರ್ ಕೇಂದ್ರಗಳು ತೆರೆದವು. 2016ರಲ್ಲಿ ಅಮೆಜಾನ್, ಮರುವರ್ಷ ಗೂಗಲ್, ಎರಡೂ ಮುಂಬೈಗೇ ಬಂದವು. ಪಾವತಿ ದತ್ತಾಂಶ ಭಾರತದಲ್ಲೇ ಇರಬೇಕೆಂದು 2018ರಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿದ ಮೇಲಂತೂ ಹಣಕಾಸು ಕಂಪನಿಗಳಿಗೆ ಸರ್ವರಿನ ಜಾಗದ ಆಯ್ಕೆ ಕಾನೂನಿನ ಪ್ರಶ್ನೆಯೂ ಆಯಿತು. 2022ರಲ್ಲಿ ಅಮೆಜಾನ್ ಹೈದರಾಬಾದಿನಲ್ಲಿ ಎರಡನೇ ಕೇಂದ್ರ ತೆರೆಯಿತು.

ನಾಗಪುರದಿಂದ ಮುಂಬೈ ನೇರದೂರದಲ್ಲಿ 700 ಕಿಲೋಮೀಟರ್‌ಗೆ ತುಸು ಕಡಿಮೆ, ಹೈದರಾಬಾದ್ 400ಕ್ಕೆ ತುಸು ಹೆಚ್ಚು. ಬೆಳಕಿನ ಲೆಕ್ಕದಲ್ಲಿ ಹೋಗಿಬರುವ ವ್ಯತ್ಯಾಸ ಮೂರು ಮಿಲಿಸೆಕೆಂಡಿನಷ್ಟು. ಯಾವ ಬಳಕೆದಾರನಿಗೂ ಅದು ಗೊತ್ತಾಗದು. ದೇಶದೊಳಗೆ ದೂರದ ಸಮಸ್ಯೆ ಹೀಗೆ ಮುಗಿದುಹೋಗಿದೆ. ಉಳಿದಿರುವುದು ಸರ್ವರ್ ಒಡೆಯನ ಷರತ್ತುಗಳ ಸಮಸ್ಯೆ, ಅದೇ ಹೆಚ್ಚು ಗಂಭೀರ.

ಹೆರೋಕು ಅದಕ್ಕೆ ಸಾಕ್ಷಿ. 2007ರಲ್ಲಿ ಶುರುವಾದ ಈ ವೇದಿಕೆಯಲ್ಲಿ ಕೋಡ್ ಕಳಿಸುವ ಒಂದು ಗಿಟ್ ಆಜ್ಞೆ ಕೊಟ್ಟರೆ ಆ್ಯಪ್ ಲೋಕಕ್ಕೆ ತೆರೆದುಕೊಳ್ಳುತ್ತಿತ್ತು. ಸರ್ವರ್ ಸಂಭಾಳಿಸುವ ಕೆಲಸವೇ ಇರಲಿಲ್ಲ. ಹೊಸಬರು ಎಷ್ಟೋ ಮಂದಿ ತಮ್ಮ ಮೊದಲ ಆ್ಯಪ್ ನಡೆಸಿದ್ದು ಅಲ್ಲೇ, ಬಿಡಿಗಾಸು ಕೊಡದೆ. 2010ರಲ್ಲಿ ಸೇಲ್ಸ್‌ಫೋರ್ಸ್ ಅದನ್ನು ಕೊಂಡಿತು. 2022ರ ನವೆಂಬರ್ 28ರಿಂದ ಉಚಿತ ಸೇವೆ ನಿಂತಿತು. ಅದನ್ನೇ ನಂಬಿದ್ದ ಆ್ಯಪ್‌ಗಳು ಒಂದೋ ಹಣ ಕಟ್ಟಬೇಕಾಯಿತು, ಇಲ್ಲವೇ ಬೇರೆ ಜಾಗ ಹುಡುಕಬೇಕಾಯಿತು.

ಜಾಗ ಬದಲಿಸುವುದೂ ಪುಕ್ಕಟೆಯಾಗಿರಲಿಲ್ಲ. ದತ್ತಾಂಶ ಒಳಗೆ ತರಲು ದೊಡ್ಡ ಕ್ಲೌಡ್ ಕಂಪನಿಗಳು ಸಾಮಾನ್ಯವಾಗಿ ಶುಲ್ಕ ಕೇಳುವುದಿಲ್ಲ, ಹೊರಗೆ ಒಯ್ಯಲು ಕೇಳುತ್ತವೆ. ಬಿಟ್ಟುಹೋಗುವ ಗ್ರಾಹಕರಿಗೆ ಈ ಶುಲ್ಕ ಮನ್ನಾ ಎಂದು ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಪ್ರಕಟಿಸಿದ್ದು 2024ರಲ್ಲಷ್ಟೇ.

ಹಾಗಾಗಿ ನಾಗಪುರದ ಸಣ್ಣ ಕಂಪನಿ ಮುಂಬೈಯೋ ಹೈದರಾಬಾದೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪೋಸ್ಟ್‌ಗ್ರೆಸ್‌ನಂಥ, ಎಲ್ಲಿ ಬೇಕಾದರೂ ಓಡುವ ಡೇಟಾಬೇಸ್ ಇಟ್ಟುಕೊಳ್ಳಲಿ. ಆ್ಯಪ್ ಒಂದು ಊರಲ್ಲಿದ್ದರೆ ಬ್ಯಾಕಪ್ ಇನ್ನೊಂದರಲ್ಲಿರಲಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ, ಆ ಬ್ಯಾಕಪ್ಪಿನಿಂದ ಇಡೀ ಆ್ಯಪನ್ನು ಬೇರೊಂದು ಕಂಪನಿಯ ಸರ್ವರಿನಲ್ಲಿ ಒಮ್ಮೆ ಎಬ್ಬಿಸಿ ನೋಡಲಿ.