ದುಡಿಯಲಾಗದು ಎನ್ನಲು ಎಷ್ಟು ಅಂಕ ಬೇಕು?

ಅರ್ಧ ಲೀಟರ್ ದ್ರವ ತುಂಬಿದ ಪೊಟ್ಟಣವನ್ನು ಎತ್ತಿ ಪಕ್ಕಕ್ಕಿಡಲು ಆಗದಿದ್ದರೆ 15 ಅಂಕ. ಅರ್ಧ ಲೀಟರ್ ಆದೀತು, ಒಂದು ಲೀಟರ್ ಆಗದು ಎಂದಾದರೆ 9. ಹಗುರವಾದರೂ ದೊಡ್ಡ ಗಾತ್ರದ ಖಾಲಿ ರಟ್ಟಿನ ಡಬ್ಬದಂಥದ್ದನ್ನು ಸಾಗಿಸಲಾಗದಿದ್ದರೆ 6. ಸಮತಟ್ಟಾದ ನೆಲದಲ್ಲಿ ನಿಲ್ಲದೆ 50 ಮೀಟರ್‌ಗಿಂತ ಹೆಚ್ಚು ಸಾಗಲಾಗದವರಿಗೆ 15, 100 ಮೀಟರ್‌ಗಿಂತ ಹೆಚ್ಚು ಸಾಗಲಾಗದವರಿಗೆ 9. ಸಾಗುವುದೆಂದರೆ ಕಾಲಿನಿಂದಲೇ ಆಗಬೇಕೆಂದಿಲ್ಲ, ಗಾಲಿಕುರ್ಚಿಯನ್ನು ಕೈಯಿಂದ ತಳ್ಳಿಕೊಂಡು ಹೋಗಬಲ್ಲವರೂ ‘ಸಾಗಬಲ್ಲವರೇ’. ಇದು ಬ್ರಿಟನ್ನಿನ ವರ್ಕ್ ಕೇಪಬಿಲಿಟಿ ಅಸೆಸ್‌ಮೆಂಟ್, ಅಂದರೆ ದುಡಿಮೆ ಸಾಮರ್ಥ್ಯದ ಪರೀಕ್ಷೆ. ದೇಹಕ್ಕೆ ಸಂಬಂಧಿಸಿದ 10 ಚಟುವಟಿಕೆಗಳು, ಮನಸ್ಸು ಮತ್ತು ಬುದ್ಧಿಗೆ ಸಂಬಂಧಿಸಿದ 7. ಒಟ್ಟು 15 ಅಂಕ ಸಿಕ್ಕರೆ ಸದ್ಯಕ್ಕೆ ದುಡಿಯಲು ಆಗದವರು, 14 ಸಿಕ್ಕರೆ ದುಡಿಯಬಲ್ಲವರು.

ಈ ಪಟ್ಟಿ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದ ನಂತರ, 1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯೂ ರಾಷ್ಟ್ರೀಯ ವಿಮೆಯೂ ಒಟ್ಟಿಗೆ ಜಾರಿಗೆ ಬಂದವು. ವಿಮೆ ಕಟ್ಟಿದ ಕಾರ್ಮಿಕ ಕಾಯಿಲೆ ಬಿದ್ದರೆ ಭತ್ಯೆ. ಅವನಿಂದ ಕೆಲಸ ಆಗುವುದಿಲ್ಲವೆಂದು ಹೇಳಬೇಕಾದವರು ಅವನ ಕುಟುಂಬದ ವೈದ್ಯರು, ಅವರು ಬರೆದುಕೊಟ್ಟ ಚೀಟಿಯೇ ಆಧಾರ. ಕಾಯಿಲೆ ತಿಂಗಳುಗಟ್ಟಲೆ ಎಳೆದವರಿಗೆಂದು 1971ರಲ್ಲಿ ಇನ್‌ವ್ಯಾಲಿಡಿಟಿ ಬೆನಿಫಿಟ್ ಬಂತು. ಅದೇ ವರ್ಷ ಅಟೆಂಡೆನ್ಸ್ ಅಲೋವೆನ್ಸ್ ಎಂಬ ಬೇರೊಂದು ಭತ್ಯೆಯೂ ಶುರುವಾಯಿತು. ಅದು ಕೆಲಸದ ಮಾತೇ ಎತ್ತಲಿಲ್ಲ. ಮೈ ತೊಳೆಯಲು, ಉಣ್ಣಲು, ರಾತ್ರಿ ಮಗ್ಗುಲು ಬದಲಿಸಲು ಇನ್ನೊಬ್ಬರ ಕೈ ಬೇಕೇ ಎಂದಷ್ಟೇ ಕೇಳಿತು. ಹೀಗೆ ಎರಡು ಪ್ರಶ್ನೆಗಳು ಬೇರೆಬೇರೆಯಾಗಿ ನಿಂತವು: ಈ ಮನುಷ್ಯ ದುಡಿಯಬಲ್ಲನೇ, ಮತ್ತು ಅಂಗವೈಕಲ್ಯದಿಂದಾಗಿ ಬದುಕುವ ಖರ್ಚು ಇವನಿಗೆ ಎಷ್ಟು ಹೆಚ್ಚು. ಮುಂದಿನ ಅರ್ಧ ಶತಮಾನದ ಗೊಂದಲಗಳಲ್ಲಿ ಬಹುಪಾಲು ಈ ಎರಡನ್ನು ಒಂದೆಂದು ತಿಳಿದದ್ದರಿಂದ ಹುಟ್ಟಿದವು ಎಂಬುದು ನನ್ನ ಅಭಿಪ್ರಾಯ.

1980ರ ದಶಕದಲ್ಲಿ ಕಲ್ಲಿದ್ದಲು ಗಣಿಗಳು, ಉಕ್ಕಿನ ಕಾರ್ಖಾನೆಗಳು, ಹಡಗುಕಟ್ಟೆಗಳು ಸಾಲಾಗಿ ಮುಚ್ಚಿದವು. ದಕ್ಷಿಣ ವೇಲ್ಸ್, ಡರ್‌ಹ್ಯಾಮ್, ಗ್ಲಾಸ್ಗೊ, ಮರ್ಸಿಸೈಡ್‌ಗಳಲ್ಲಿ ಐವತ್ತು ದಾಟಿದ, ಬೆನ್ನು ಸವೆದ, ಎದೆ ಕಟ್ಟಿದ ಗಂಡಸರಿಗೆ ಬೇರೆ ಕೆಲಸ ಇರಲಿಲ್ಲ. ಅವರು ನಿರುದ್ಯೋಗ ಪಟ್ಟಿಯ ಬದಲು ಅನಾರೋಗ್ಯ ಭತ್ಯೆಯ ಪಟ್ಟಿಗೆ ಹೋದರು. ಕಾಯಿಲೆ ಸುಳ್ಳಲ್ಲ, ಕೆಲಸ ಇದ್ದಿದ್ದರೆ ಅದೇ ಕಾಯಿಲೆಯೊಂದಿಗೆ ದುಡಿಯುತ್ತಿದ್ದರು ಎಂಬುದೂ ಸುಳ್ಳಲ್ಲ. ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಬೀಟಿ ಮತ್ತು ಸ್ಟೀವ್ ಫಾದರ್‌ಗಿಲ್ ಇದನ್ನು ‘ಅಡಗಿದ ನಿರುದ್ಯೋಗ’ ಎಂದು ವರ್ಷಗಟ್ಟಲೆ ಲೆಕ್ಕಹಾಕಿ ತೋರಿಸಿದರು. ನಿರುದ್ಯೋಗದ ಅಂಕಿ ಇಳಿದಂತೆ ಕಾಣುತ್ತಿದ್ದುದರಿಂದ ಸರ್ಕಾರಕ್ಕೂ ಅಂಥ ಆತುರವೇನೂ ಇರಲಿಲ್ಲ. 1970ರ ದಶಕದ ಕೊನೆಗೆ ಏಳು ಲಕ್ಷದ ಆಸುಪಾಸಿನಲ್ಲಿದ್ದ ಫಲಾನುಭವಿಗಳ ಸಂಖ್ಯೆ ಮುಂದೆ 25 ಲಕ್ಷದ ಹತ್ತಿರ ಹೋದಾಗಷ್ಟೇ ಎಚ್ಚರವಾದದ್ದು.

1995ರಲ್ಲಿ ಇನ್‌ಕೆಪಾಸಿಟಿ ಬೆನಿಫಿಟ್ ಬಂತು, ಜೊತೆಗೆ ‘ಆಲ್ ವರ್ಕ್ ಟೆಸ್ಟ್’. ಅಲ್ಲಿಯವರೆಗೆ ಕುಟುಂಬ ವೈದ್ಯರ ಮಾತಿಗಿದ್ದ ತೂಕ ಇಲ್ಲಿ ಕುಸಿಯಿತು, ತೀರ್ಪು ಅಂಕಪಟ್ಟಿಗೆ ಹೋಯಿತು. 15 ಅಂಕದ ಗೆರೆ ಆಗಲೇ ಎಳೆದದ್ದು. 2000ದಲ್ಲಿ ಪರೀಕ್ಷೆಯ ಹೆಸರು ಬದಲಾಯಿತು, ಹೂರಣ ಹೆಚ್ಚು ಬದಲಾಗಲಿಲ್ಲ.

ಈ ಹೊತ್ತಿಗೆ ವೈದ್ಯಲೋಕದಲ್ಲೇ ಒಂದು ವಾದ ಬಲವಾಗುತ್ತಿತ್ತು. ಬೆನ್ನುನೋವಿನ ತಜ್ಞ ಗಾರ್ಡನ್ ವಾಡೆಲ್ ಮತ್ತು ಸರ್ಕಾರದ ಮುಖ್ಯ ವೈದ್ಯಕೀಯ ಸಲಹೆಗಾರರಾಗಿದ್ದ ಮ್ಯಾನ್ಸೆಲ್ ಐಲ್ವರ್ಡ್ 2005ರಲ್ಲಿ ಈ ಭತ್ಯೆಯ ‘ವೈಜ್ಞಾನಿಕ ತಳಹದಿ’ ಕುರಿತು ಪುಸ್ತಕ ಬರೆದರು. ಕಾಯಿಲೆ ಬರೀ ದೇಹದ್ದಲ್ಲ, ಮನಸ್ಸಿನ ನಂಬಿಕೆ ಮತ್ತು ಸುತ್ತಲಿನ ಸಮಾಜವೂ ಅದರಲ್ಲಿ ಸೇರಿದೆ, ಬಹಳ ಸಲ ಕೆಲಸವೇ ಔಷಧ ಎಂಬುದು ಸಾರಾಂಶ. ಐಲ್ವರ್ಡ್ ಮುಂದೆ ನಡೆಸಿದ ಕಾರ್ಡಿಫ್ ವಿಶ್ವವಿದ್ಯಾಲಯದ ಕೇಂದ್ರಕ್ಕೆ ಹಣ ಕೊಟ್ಟದ್ದು ಅಂಗವೈಕಲ್ಯ ವಿಮೆ ಮಾರುವ ಅಮೆರಿಕದ ಕಂಪನಿ ಯುನಮ್. ಸಮಾಜಶಾಸ್ತ್ರಜ್ಞ ಟಾಮ್ ಶೇಕ್ಸ್‌ಪಿಯರ್ ಮತ್ತು ಸಂಗಡಿಗರು ಹತ್ತು ವರ್ಷಗಳ ನಂತರ ಈ ಬರಹಗಳನ್ನು ಜಾಲಾಡಿ, ಪುರಾವೆ ತೆಳುವಾಗಿದೆ, ತಪ್ಪನ್ನೆಲ್ಲ ರೋಗಿಯ ತಲೆಗೇ ಕಟ್ಟಲಾಗಿದೆ ಎಂದು ಕಟುವಾಗಿ ಬರೆದರು. ಅಷ್ಟರಲ್ಲಿ ಕಾಯಿದೆ ಜಾರಿಯಾಗಿ ವರ್ಷಗಳೇ ಕಳೆದಿದ್ದವು.

ಆ ಕಾಯಿದೆ 2007ರದು. 2008ರ ಅಕ್ಟೋಬರ್ 27ರಿಂದ ಹೊಸ ಅರ್ಜಿದಾರರಿಗೆ ಎಂಪ್ಲಾಯ್‌ಮೆಂಟ್ ಅಂಡ್ ಸಪೋರ್ಟ್ ಅಲೋವೆನ್ಸ್, ಜನರ ಬಾಯಲ್ಲಿ ಇಎಸ್‌ಎ, ಸಿಗತೊಡಗಿತು. ಇಂದಿನ ಪರೀಕ್ಷೆ ಶುರುವಾದದ್ದು ಅದರೊಂದಿಗೇ. ಇದು ಜನರನ್ನು ಮೂರು ಪಾಲು ಮಾಡಿತು. ದುಡಿಯಬಲ್ಲವರು ಹೊರಗೆ. ಈಗ ಆಗದಿದ್ದರೂ ಮುಂದೆ ದುಡಿಮೆಗೆ ಸಿದ್ಧರಾಗಬಲ್ಲವರು ಒಂದು ಗುಂಪು, ಆ ಸಿದ್ಧತೆಯನ್ನೂ ಕೇಳಬಾರದಷ್ಟು ತೀವ್ರ ಸ್ಥಿತಿಯವರು ಇನ್ನೊಂದು ಗುಂಪು. ಪರೀಕ್ಷೆ ನಡೆಸುವ ಗುತ್ತಿಗೆ ಫ್ರೆಂಚ್ ಮೂಲದ ಆಟೋಸ್ ಕಂಪನಿಗೆ.

ಹೊಸಬರಿಗಷ್ಟೇ ಆಗಿದ್ದರೆ ಗದ್ದಲ ಇಷ್ಟಾಗುತ್ತಿರಲಿಲ್ಲ. 2010ರ ಅಕ್ಟೋಬರ್‌ನಲ್ಲಿ ಬರ್ನ್‌ಲಿ ಮತ್ತು ಆಬರ್ಡೀನ್‌ಗಳಲ್ಲಿ ಪ್ರಯೋಗ ಮಾಡಿ, ಮರು ವರ್ಷದಿಂದ ಹಳೆಯ ಭತ್ಯೆಯಲ್ಲಿದ್ದ ಸುಮಾರು 15 ಲಕ್ಷ ಜನರನ್ನೂ ಮತ್ತೆ ಪರೀಕ್ಷೆಗೆ ಕರೆದರು. ಸರ್ಕಾರವೇ ನೇಮಿಸಿದ ಪ್ರೊಫೆಸರ್ ಮಾಲ್ಕಮ್ ಹ್ಯಾರಿಂಗ್ಟನ್ 2010ರ ಮೊದಲ ಪರಾಮರ್ಶೆಯಲ್ಲೇ ಈ ವ್ಯವಸ್ಥೆ ಯಾಂತ್ರಿಕವಾಗಿದೆ, ಮನುಷ್ಯರನ್ನು ಕಾಣುವುದಿಲ್ಲ ಎಂದರು. ‘ದುಡಿಯಬಲ್ಲರು’ ಎಂಬ ತೀರ್ಪಿನ ವಿರುದ್ಧ ನ್ಯಾಯಮಂಡಳಿಗೆ ಹೋದ ಹತ್ತರಲ್ಲಿ ಸುಮಾರು ನಾಲ್ಕು ಮಂದಿ ಗೆಲ್ಲುತ್ತಿದ್ದರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಇದೇ ಆಟೋಸ್ ಪ್ರಾಯೋಜಕ! ಕಂಪನಿಯ ಕಚೇರಿಯೆದುರು ಗಾಲಿಕುರ್ಚಿಗಳಲ್ಲಿ ಪ್ರತಿಭಟನೆ ನಡೆದದ್ದು ಯಾರಿಗೂ ಅಚ್ಚರಿ ಅನ್ನಿಸಲಿಲ್ಲ. ಆಟೋಸ್ ಗುತ್ತಿಗೆಯನ್ನು ಅರ್ಧಕ್ಕೇ ಬಿಟ್ಟಿತು, 2015ರ ಮಾರ್ಚ್‌ನಲ್ಲಿ ಮ್ಯಾಕ್ಸಿಮಸ್ ಬಂತು.

ಹೆಚ್ಚು ಪೆಟ್ಟು ಬಿದ್ದದ್ದು ಮನೋರೋಗಿಗಳಿಗೆ. ಡಬ್ಬ ಎತ್ತುವುದನ್ನು ಅಳೆಯಬಹುದು, ಬಾಗಿಲು ತೆರೆಯಲು ಹೆದರುವುದನ್ನು ಅಳೆಯುವುದು ಹೇಗೆ? ತನ್ನ ತೊಂದರೆಯನ್ನು ತಾನೇ ಬಿಡಿಸಿ ಹೇಳಲಾಗದವರಿಗೆ ಈ ವಿಧಾನದಿಂದ ಗಣನೀಯ ಅನನುಕೂಲವಾಗುತ್ತಿದೆ ಎಂದು 2013ರಲ್ಲಿ ಮೇಲ್ನ್ಯಾಯಮಂಡಳಿ ಹೇಳಿತು, ಅಪೀಲು ನ್ಯಾಯಾಲಯವೂ ಒಪ್ಪಿತು. 2015ರಲ್ಲಿ ಬೆನ್ ಬಾರ್ ಮತ್ತು ಸಂಗಡಿಗರ ಅಧ್ಯಯನ, ಮರುಪರೀಕ್ಷೆ ಹೆಚ್ಚು ನಡೆದ ಪ್ರದೇಶಗಳಲ್ಲಿ 2010ರಿಂದ 2013ರ ನಡುವೆ ಸುಮಾರು 590 ಹೆಚ್ಚುವರಿ ಆತ್ಮಹತ್ಯೆಗಳನ್ನು ಗುರುತಿಸಿತು. ಇದು ಪ್ರದೇಶವಾರು ಅಂಕಿಗಳ ಹೋಲಿಕೆ. ಇಂಥವರ ಸಾವಿಗೆ ಪರೀಕ್ಷೆಯೇ ಕಾರಣ ಎಂದು ಅದರಿಂದ ಬೊಟ್ಟುಮಾಡಲಾಗದು, ಆದರೆ ತಳ್ಳಿಹಾಕಲೂ ಆಗದು. ಮರು ವರ್ಷ ಕೆನ್ ಲೋಚ್ ನಿರ್ದೇಶನದ ‘ಐ, ಡೇನಿಯಲ್ ಬ್ಲೇಕ್’ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಹೃದಯಾಘಾತವಾದ ನ್ಯೂಕಾಸಲ್‌ನ ಬಡಗಿಯೊಬ್ಬ ಇದೇ ಪರೀಕ್ಷೆಯಲ್ಲಿ ಸಿಕ್ಕಿಕೊಳ್ಳುವ ಕಥೆ ಅದು.

ಪರೀಕ್ಷೆಯ ಕುರಿತು ಬರೆದವರು ಬಹಳ. ಒಂದು ಭತ್ಯೆಯಿಂದ ಇನ್ನೊಂದಕ್ಕೆ ದಾಟುವಾಗ ಆಗುವ ನಷ್ಟದ ಕುರಿತು ಬರೆದವರು ಕಡಿಮೆ. ಅದು ಹೆಚ್ಚು ಅನ್ಯಾಯದ್ದು, ಏಕೆಂದರೆ ಅಲ್ಲಿ ಯಾರ ಕಾಯಿಲೆಯನ್ನೂ ಯಾರೂ ಅನುಮಾನಿಸಿರುವುದಿಲ್ಲ. ಹಳೆಯ ಭತ್ಯೆಯವರನ್ನು ಇಎಸ್‌ಎಗೆ ವರ್ಗಾಯಿಸಿದಾಗ ಭತ್ಯೆ ಕೊಡುವ ಸರ್ಕಾರಿ ಇಲಾಖೆ ಅನೇಕರ ವಿಮೆಯ ಹಕ್ಕನ್ನು ಮಾತ್ರ ನೋಡಿತು, ಕಡಿಮೆ ಆದಾಯದವರಿಗೆ ಸಿಗಬೇಕಾದ ಹೆಚ್ಚುವರಿ ಹಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸುಮಾರು 70,000 ಜನರಿಗೆ ಸರಾಸರಿ 5,000 ಪೌಂಡ್ ಕಡಿಮೆ ಸಂದಿದೆ ಎಂದು 2018ರಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಅಂದಾಜಿಸಿತು.

2013ರಲ್ಲಿ ಇನ್ನೆರಡು ವರ್ಗಾವಣೆಗಳು ಶುರುವಾದವು. ಅಂಗವೈಕಲ್ಯದ ಹೆಚ್ಚುವರಿ ಖರ್ಚಿಗಾಗಿ ದುಡಿಯುವ ವಯಸ್ಸಿನವರಿಗೆ ಕೊಡುತ್ತಿದ್ದ ಭತ್ಯೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಆಯಿತು, ಎಲ್ಲರೂ ಅದನ್ನು ‘ಪಿಪ್’ ಎನ್ನುತ್ತಾರೆ. ಇದಕ್ಕೂ ಅಂಕಪಟ್ಟಿ ಇದೆ, ಆದರೆ ಬೇರೆಯದು. ಕೆಲಸಕ್ಕೆ ಹೋಗುವವರೂ ಪಿಪ್ ಪಡೆಯಬಹುದು. ಇನ್ನೊಂದೆಡೆ, ಆದಾಯ ಆಧಾರಿತ ಇಎಸ್‌ಎ ಸೇರಿ ಆರು ಹಳೆಯ ಭತ್ಯೆಗಳನ್ನು ಒಂದೇ ಯೂನಿವರ್ಸಲ್ ಕ್ರೆಡಿಟ್‌ಗೆ ಸೇರಿಸುವ ಕೆಲಸ. ಅಲ್ಲಿ ಎರಡು ದಾರಿಗಳಿದ್ದವು. ಇಲಾಖೆಯೇ ಪತ್ರ ಬರೆದು ಕರೆಸಿಕೊಂಡರೆ ಹಳೆಯ ಮೊತ್ತಕ್ಕೆ ರಕ್ಷಣೆ. ಮನೆ ಬದಲಿಸಿದ್ದು, ಸಂಗಾತಿ ಜೊತೆಗೆ ಬಂದದ್ದು ಇಂಥ ಕಾರಣದಿಂದ ತಾವಾಗಿ ದಾಟಿದರೆ ರಕ್ಷಣೆ ಇಲ್ಲ. ತೀವ್ರ ಅಂಗವೈಕಲ್ಯದ ಇಬ್ಬರು ಬೇರೆ ಸ್ಥಳೀಯ ಸಂಸ್ಥೆಯ ವ್ಯಾಪ್ತಿಗೆ ಮನೆ ಬದಲಿಸಿದ್ದಕ್ಕೇ ತಿಂಗಳಿಗೆ ಸುಮಾರು 180 ಪೌಂಡ್ ಕಳೆದುಕೊಂಡರು. ಇದು ತಾರತಮ್ಯ ಎಂದು 2018ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟ ಮೇಲೆ ಪರಿಹಾರದ ನಿಯಮಗಳು ಬಂದವು.

ಇಲಾಖೆಯ ಪತ್ರ ಬಂದವರೂ ಸುಮ್ಮನೆ ಕೂರುವಂತಿರಲಿಲ್ಲ. ಭತ್ಯೆ ತಾನಾಗಿ ವರ್ಗವಾಗುತ್ತಿರಲಿಲ್ಲ, ಮೂರು ತಿಂಗಳೊಳಗೆ ಹೊಸದಾಗಿ ಅರ್ಜಿ ಹಾಕಬೇಕಿತ್ತು. ಮೊದಲ ಹಣಕ್ಕೆ ಐದು ವಾರ ಕಾಯಬೇಕಿತ್ತು, ನಡುವೆ ಎರಡು ವಾರ ಮಾತ್ರ ಹಳೆಯ ಭತ್ಯೆ ಮುಂದುವರಿಯುತ್ತಿತ್ತು. ಮೊದಲೇ ತೀವ್ರ ಗುಂಪಿನಲ್ಲಿದ್ದವರಿಗೆ ಮತ್ತೆ ಪರೀಕ್ಷೆ ಬೇಕಿರಲಿಲ್ಲ, ಸ್ಥಾನ ಹಾಗೆಯೇ ದಾಟಿ ಬರುತ್ತಿತ್ತು. ಇದು ಗೊತ್ತಿಲ್ಲದೆ ಹೆದರಿ ಅರ್ಜಿಯನ್ನೇ ಹಾಕದವರು ರಕ್ಷಣೆಯನ್ನೂ ಭತ್ಯೆಯನ್ನೂ ಕಳೆದುಕೊಳ್ಳುತ್ತಿದ್ದರು. ರಕ್ಷಣೆಯ ಮೊತ್ತವಾದರೂ ಶಾಶ್ವತವಲ್ಲ, ಬಾಡಿಗೆಯಂಥ ಬೇರೆ ಬಾಬ್ತುಗಳು ಏರಿದಂತೆಲ್ಲ ಅದು ಕರಗುತ್ತದೆ.

ಕರ್ನಾಟಕದಿಂದ ಹೋಗಿ ಅಲ್ಲಿ ನರ್ಸ್ ಆಗಿಯೋ ಸಾಫ್ಟ್‌ವೇರ್‌ನಲ್ಲೋ ದುಡಿಯುತ್ತಿರುವವರಿಗೆ ಒಂದು ಮಾತು. ಉದ್ಯೋಗ ವೀಸಾದಲ್ಲಿರುವವರಿಗೆ ಸಾರ್ವಜನಿಕ ನಿಧಿಯ ಹಕ್ಕಿಲ್ಲ, ಆದ್ದರಿಂದ ಯೂನಿವರ್ಸಲ್ ಕ್ರೆಡಿಟ್ ಮತ್ತು ಪಿಪ್ ಎರಡೂ ಇಲ್ಲ. ಆದರೆ ರಾಷ್ಟ್ರೀಯ ವಿಮೆಯ ವಂತಿಗೆಯ ಮೇಲೆ ನಿಂತಿರುವ ‘ನ್ಯೂ ಸ್ಟೈಲ್’ ಇಎಸ್‌ಎ ಸಾರ್ವಜನಿಕ ನಿಧಿಯ ಪಟ್ಟಿಯಲ್ಲಿಲ್ಲ. ಸಾಕಷ್ಟು ವಂತಿಗೆ ಕಟ್ಟಿದವರು ಕಾಯಿಲೆ ಬಿದ್ದರೆ ಅದನ್ನು ಕೇಳಬಹುದು, ಪರೀಕ್ಷೆ ಮಾತ್ರ ಇದೇ.

ಈಗ ಈ ಪರೀಕ್ಷೆಯನ್ನೇ ತೆಗೆಯುವ ಮಾತು. 2023ರ ಮಾರ್ಚ್‌ನಲ್ಲಿ ಕನ್ಸರ್ವೇಟಿವ್ ಸರ್ಕಾರ ಶ್ವೇತಪತ್ರದಲ್ಲಿ ಹಾಗೆಂದಿತು, ಅದೇ ವರ್ಷದ ಕೊನೆಗೆ ಅಂಕಪಟ್ಟಿಯನ್ನು ಬಿಗಿಗೊಳಿಸಲು ಹೊರಟಿತು. ಆ ಬಿಗಿಗೊಳಿಸುವಿಕೆಗಾಗಿ ನಡೆಸಿದ ಸಮಾಲೋಚನೆಯೇ ಕಾನೂನುಬಾಹಿರ ಎಂದು 2025ರ ಜನವರಿಯಲ್ಲಿ ಹೈಕೋರ್ಟ್ ಹೇಳಿತು. ಎರಡೇ ತಿಂಗಳಲ್ಲಿ ಲೇಬರ್ ಸರ್ಕಾರದ ಹಸಿರುಪತ್ರ ಬಂತು: 2028ಕ್ಕೆ ಪರೀಕ್ಷೆ ರದ್ದು, ಮುಂದೆ ಯೂನಿವರ್ಸಲ್ ಕ್ರೆಡಿಟ್‌ನ ಆರೋಗ್ಯ ಭಾಗಕ್ಕೂ ಪಿಪ್ ಒಂದೇ ಬಾಗಿಲು, ಆ ಪಿಪ್ ಕೂಡ ಇನ್ನಷ್ಟು ಬಿಗಿ. ಸ್ವಪಕ್ಷದ 120ಕ್ಕೂ ಹೆಚ್ಚು ಸಂಸದರು ತಿರುಗಿಬಿದ್ದರು. ಜುಲೈ 1ರಂದು, ಚರ್ಚೆ ನಡೆಯುತ್ತಿರುವಾಗಲೇ, ಸರ್ಕಾರ ಪಿಪ್ ಕಲಮನ್ನು ಹಿಂತೆಗೆದುಕೊಂಡು ಸಚಿವ ಸ್ಟೀಫನ್ ಟಿಮ್ಸ್ ನೇತೃತ್ವದ ಪರಾಮರ್ಶೆಗೆ ಬಿಟ್ಟಿತು. ಉಳಿದದ್ದು ಕಾಯಿದೆಯಾಯಿತು. ತೀವ್ರ ಗುಂಪಿಗೆ 2025-26ರಲ್ಲಿ ತಿಂಗಳಿಗೆ 423.27 ಪೌಂಡ್ ಸಿಗುತ್ತಿದ್ದ ಆರೋಗ್ಯ ಭಾಗ, 2026ರ ಏಪ್ರಿಲ್‌ನಿಂದ ಹೊಸದಾಗಿ ಬರುವ ಬಹುತೇಕರಿಗೆ 217.26 ಪೌಂಡ್.

ಬಂಡಾಯದ ನಂತರವೂ ಪರೀಕ್ಷೆ ರದ್ದುಮಾಡುವ ಯೋಜನೆಯನ್ನು ಸರ್ಕಾರ ಕೈಬಿಡಲಿಲ್ಲ. ಕೆಟ್ಟ ಪರೀಕ್ಷೆ ಹೋಗುತ್ತದೆ ಎಂದು ಸಂತೋಷಪಡುವ ಮೊದಲು ಅದರ ಜಾಗಕ್ಕೆ ಬರುವುದನ್ನು ನೋಡಬೇಕು. ಪಿಪ್ ಬೇಕಾದರೆ ತೊಂದರೆ ಶುರುವಾಗಿ ಮೂರು ತಿಂಗಳಾಗಿರಬೇಕು, ಇನ್ನೂ ಒಂಬತ್ತು ತಿಂಗಳು ಇರುವಂತಿರಬೇಕು. ಇವತ್ತು ಕಿಮೊಥೆರಪಿಯಲ್ಲಿರುವವರನ್ನು ದುಡಿಮೆ ಸಾಮರ್ಥ್ಯದ ಪರೀಕ್ಷೆ ಅಂಕ ಎಣಿಸದೆಯೇ ತೀವ್ರ ಗುಂಪಿಗೆ ಸೇರಿಸುತ್ತದೆ. ಆರು ತಿಂಗಳಲ್ಲಿ ಗುಣವಾಗುವ ನಿರೀಕ್ಷೆಯಿರುವ ಅಂಥ ರೋಗಿಗೆ ಪಿಪ್ ಸಿಗದು. ಸ್ಕಾಟ್ಲೆಂಡಿನಲ್ಲಂತೂ 2022ರಿಂದ ಪಿಪ್ ಜಾಗದಲ್ಲಿ ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್ ಎಂಬ ಬೇರೆಯೇ ಭತ್ಯೆ ಇದೆ, ಅದರ ನಿಯಮ ಬರೆಯುವವರು ಎಡಿನ್‌ಬರಾದಲ್ಲಿದ್ದಾರೆ, ಯೂನಿವರ್ಸಲ್ ಕ್ರೆಡಿಟ್ ಹಣ ಕೊಡುವವರು ಲಂಡನ್ನಿನಲ್ಲಿ.