ಬೀಜದ ಟಿಬಿ ಮತ್ತು ಶೀಲದ ಸರ್ಟಿಫಿಕೇಟು



ಗಂಡಸಿಗೆ ಬೀಜದಲ್ಲಿ ಬಾವು ಬಂತು, ಪರೀಕ್ಷೆಯಲ್ಲಿ ಟಿಬಿ ಅಂತ ಗೊತ್ತಾಯ್ತು ಅಂದ್ಕೊಳ್ಳಿ. ಕೇರಿಯಲ್ಲಿ ಮೊದಲು ಏಳೋ ಪ್ರಶ್ನೆ, 'ಯಾರ ಸಂಗ ಮಾಡಿದ್ದ?' ಈ ಅನುಮಾನ ನಮ್ಮ ಕೇರಿಯಲ್ಲಿ ಹುಟ್ಟಿದ್ದಲ್ಲ. ದೊಡ್ಡ ದೊಡ್ಡ ಡಾಕ್ಟರುಗಳಿಗೂ ಇತ್ತು.

1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತಿಳಿಸಿದರು. ಮರುವರ್ಷವೇ ಪ್ಯಾರಿಸ್ಸಿನ ಸರ್ಜನ್ ವೆರ್ನೇಯ್, ಜನನಾಂಗದ ಕ್ಷಯ ಲೈಂಗಿಕ ಸಂಪರ್ಕದಿಂದಲೂ ಬರಬಹುದು ಅಂತ ಊಹೆಯೊಂದನ್ನು ಮುಂದಿಟ್ಟರು. ಬರೀ ಊಹೆ. ಆದರೆ ಶೀಲದ ಮಾತು ಸೇರಿದರೆ ಊಹೆಗೂ ಕಾಲು ಬರ್ತವೆ.

ನಿಜ ಸಂಗತಿ ಬೇರೆ. ರೋಗಾಣು ಉಸಿರಿನ ಜೊತೆ ಶ್ವಾಸಕೋಶ ಸೇರುತ್ತೆ. ಅಲ್ಲಿಂದ ರಕ್ತದಲ್ಲಿ ಹರಿದೋ, ಮೂತ್ರಪಿಂಡ, ಪ್ರಾಸ್ಟೇಟ್ ಗ್ರಂಥಿಯ ದಾರಿ ಹಿಡಿದೋ ವೃಷಣಕ್ಕೆ ಅಂಟಿಕೊಂಡ ನಾಳದ ಸುರುಳಿಗೆ ಬರುತ್ತೆ, ಆಮೇಲೆ ವೃಷಣಕ್ಕೆ. ವರ್ಷಗಟ್ಟಲೆ ಮಲಗಿದ್ದ ಸೋಂಕು ಎದ್ದು ಹೀಗಾಗಬಹುದು. ವೀರ್ಯದಲ್ಲಿ ರೋಗಾಣು ಇರಬಹುದು, ಸಂಗಾತಿಗೆ ದಾಟಿದ್ದೂ ದಾಖಲಾಗಿದೆ, ಆದರೆ ತೀರಾ ಅಪರೂಪ. ಡಾಕ್ಟರು ಸಾಕು ಅನ್ನೋವರೆಗೆ ಕಾಂಡೋಮ್ ಬಳಸಲಿ. ಮನೆಯಲ್ಲಿ ಕೆಮ್ಮೋರ ಕಫ ಪರೀಕ್ಷೆ ಮಾಡಿಸೋದು ಅದಕ್ಕಿಂತ ಮುಖ್ಯ.

ಔಷಧಿ ಇಲ್ಲದ ಕಾಲದಲ್ಲಿ ಸರ್ಜನ್‌ಗಳಿಗೆ ಗೊತ್ತಿದ್ದದ್ದು ಕತ್ತರಿ. ಎಷ್ಟೋ ಗಂಡಸರ ವೃಷಣವನ್ನೇ ತೆಗೆದುಹಾಕಿದರು. 1943ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಜಿಡ್ ಬಂದ ಮೇಲೆ ಮಾತ್ರೆ, ಇಂಜೆಕ್ಷನ್ನಿನಿಂದಲೇ ಗುಣ ಮಾಡೋ ದಾರಿ ತೆರೆಯಿತು.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನ. ಅದು ಶ್ವಾಸಕೋಶದ ಟಿಬಿಯದ್ದು, ಕೆಮ್ಮಿನಿಂದ ಹರಡೋ ಟಿಬಿ. 193 ಬಡ ರೋಗಿಗಳು. ಅರ್ಧ ಜನ ಸ್ಯಾನಿಟೋರಿಯಂನಲ್ಲಿ, ಒಳ್ಳೆ ಊಟ, ವಿಶ್ರಾಂತಿ. ಉಳಿದವರು ತಮ್ಮ ಕಿಕ್ಕಿರಿದ ಮನೆಗಳಲ್ಲೇ, ಅದೇ ಮಾತ್ರೆ. ಫಲಿತಾಂಶ ಹೆಚ್ಚು ಕಡಿಮೆ ಒಂದೇ. ಮನೆಯವರಿಗೆ ರೋಗ ತಗುಲಿದ್ದೂ ಹೆಚ್ಚಾಗಲಿಲ್ಲ. ಅಂದರೆ ಚಿಕಿತ್ಸೆಯಲ್ಲಿರೋನ ತಟ್ಟೆ ಲೋಟ ಬೇರೆ ಇಡೋದಕ್ಕೆ ವಿಜ್ಞಾನದ ಆಧಾರ ಇಲ್ಲ. ತಟ್ಟೆ ಲೋಟ ಬೇರೆ ಇಡೋದು ಯಾವ ಅಭ್ಯಾಸ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು. ಈ ಕಾಯಿಲೆಯಿಂದ ನಾಳ ಕಟ್ಟಿಕೊಂಡರೆ ಮಕ್ಕಳಾಗದೇ ಇರಬಹುದು. ಆಗ 'ಬಂಜೆ' ಅನ್ನೋ ಬೈಗುಳ ಯಾರಿಗೆ? ಹೆಂಡತಿಗೆ. ಗಂಡನ್ನ ಪರೀಕ್ಷೆಗೆ ಕಳಿಸೋರೇ ಇಲ್ಲ.

ನೋವಿರಲಿ ಇಲ್ಲದಿರಲಿ, ಬಾವು ಇಳಿಯದಿದ್ರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಟಿಬಿ ಅಂತಾದ್ರೆ ಮಾತ್ರೆ ಪುಕ್ಕಟೆ, ಸಾಮಾನ್ಯವಾಗಿ ಆರು ತಿಂಗಳು, ನಡುವೆ ಬಿಡಬಾರದು. ಪೌಷ್ಟಿಕ ಆಹಾರಕ್ಕೆ ನಿಕ್ಷಯ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರಬೇಕು. ಬರದಿದ್ರೆ, ಅರ್ಜಿ ಬರೆಯೋಕೆ ತೊಡಕಾದ್ರೆ ಇನ್‌ಬಾಕ್ಸಿಗೆ ಬನ್ನಿ. ಆಫೀಸು ಮುಗಿಸಿ ಸಂಜೆ ಆರರ ಮೇಲೆ ಸಿಗ್ತೀನಿ.